ಕೊಟ್ಟಿಗೆಯ ಗಾಳಿಗೆ ಉಬ್ಬಸ ಹೋಗುತ್ತದೆಯೇ?

ಪ್ರಶ್ನೆ: ನಮ್ಮ ತವರು ಸಾಗರದ ಕಡೆಯ ಅಡಿಕೆ ತೋಟದ ಮನೆ. ಕೊಟ್ಟಿಗೆ, ಗೊಬ್ಬರಗುಂಡಿಗಳ ಪಕ್ಕದಲ್ಲೇ ಬೆಳೆದ ನಮಗ್ಯಾರಿಗೂ ಉಬ್ಬಸವಿರಲಿಲ್ಲ. ಬೆಂಗಳೂರಿನಲ್ಲೇ ಹುಟ್ಟಿದ ನನ್ನ ಏಳು ವರ್ಷದ ಮಗನಿಗೆ ಮಾತ್ರ ಇನ್‌ಹೇಲರ್ ತಪ್ಪಿಲ್ಲ. ‘ಪೇಟೆಯಲ್ಲಿ ಬೆಳೆಸಿದ್ದಕ್ಕೇ ಹೀಗಾಯಿತು, ಒಂದು ವರ್ಷ ಇಲ್ಲಿ ಬಿಡು, ತಾನಾಗಿ ಹೋಗುತ್ತದೆ’ ಎನ್ನುತ್ತಾರೆ ಅಮ್ಮ. ಕಳುಹಿಸಬಹುದೇ ಡಾಕ್ಟರೇ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ನಿಮ್ಮ ತಾಯಿಯವರ ಮಾತಿನ ಮೊದಲರ್ಧದಲ್ಲಿ ಹುರುಳಿದೆ, ಉಳಿದರ್ಧದಲ್ಲಿ ಇಲ್ಲ. ಅಮೆರಿಕದಲ್ಲಿ ಆಮಿಶ್ ಮತ್ತು ಹಟರೈಟ್ ಎಂಬ ಎರಡು ಕೃಷಿಕ ಸಮುದಾಯಗಳಿವೆ. ಮೂಲ, ಆಹಾರ, ಜೀವನಕ್ರಮ ಬಹುಮಟ್ಟಿಗೆ ಒಂದೇ ಆದರೂ, ಆಮಿಶರು ಮನೆಯ ಬಳಿಯೇ ಹಸು ಕಟ್ಟಿ ಕುದುರೆಗಳಿಂದ ಉಳುತ್ತಾರೆ. ಹಟರೈಟರದು ಯಂತ್ರಗಳ ದೊಡ್ಡ ಬೇಸಾಯ, ಕೊಟ್ಟಿಗೆ ಮನೆಯಿಂದ ದೂರ. 2016ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಆಮಿಶ್ ಮಕ್ಕಳಲ್ಲಿ ಉಬ್ಬಸ ಶೇ. 5ರಷ್ಟು, ಹಟರೈಟ್ ಮಕ್ಕಳಲ್ಲಿ ಶೇ. 21ರಷ್ಟು. ಆಮಿಶರ ಮನೆಯ ಧೂಳಿನಲ್ಲಿ ಎಂಡೋಟಾಕ್ಸಿನ್ ಎಂಬ, ಬ್ಯಾಕ್ಟೀರಿಯಾಗಳ ಹೊರಪೊರೆಯಿಂದ ಬರುವ ಅಂಶ ಸುಮಾರು ಏಳು ಪಟ್ಟು ಹೆಚ್ಚಿತ್ತು. ಅಂದರೆ ಮಗುವನ್ನು ಕಾಯುವುದು ಹಳ್ಳಿಯ ವಿಳಾಸವಲ್ಲ, ಕೊಟ್ಟಿಗೆಯ ಒಡನಾಟ.

ಆದರೆ ದೇಹ ಆ ಧೂಳಿಗೆ ಪಳಗುವುದು ಮುಖ್ಯವಾಗಿ ತಾಯಿಯ ಗರ್ಭದಲ್ಲಿರುವಾಗ ಮತ್ತು ಹುಟ್ಟಿದ ಮೊದಲ ಕೆಲವು ವರ್ಷಗಳಲ್ಲಿ. ಉಬ್ಬಸ ಬೇರೂರಿದ ಮೇಲೆ ಅದೇ ಧೂಳು ಮುಳುವಾಗಬಹುದು. ಅಟ್ಟದ ಮೇಲಿನ ಒಣಹುಲ್ಲನ್ನು ಎಳೆದು ಕೆಡಹುವಾಗ ಬಿಸಿಲಕೋಲಿನಲ್ಲಿ ಹೊಗೆಯಂತೆ ಏಳುವ ಧೂಳನ್ನು ನೀವು ಕಂಡಿರುತ್ತೀರಿ; ಅದರಲ್ಲಿ ಬೂಷ್ಟಿನ ಕಣಗಳು ತುಂಬಿರುತ್ತವೆ. ಅದರ ಜೊತೆಗೆ ಬಚ್ಚಲೊಲೆಯ ಹೊಗೆ, ಮಳೆಗಾಲದ ಥಂಡಿ ಗೋಡೆಗಳು. (ಹಿಂದೆ ಯಾರಿಗೂ ಉಬ್ಬಸವಿರಲಿಲ್ಲ ಎಂಬ ಮಾತನ್ನೂ ನಾನು ಪೂರ್ತಿ ಒಪ್ಪಲಾರೆ, ಜಗುಲಿಯಲ್ಲಿ ಕುಳಿತು ಕೆಮ್ಮುತ್ತಿದ್ದ ಅಜ್ಜನಿಗೆ ‘ದಮ್ಮು’ ಎಂದು ಹೇಳಿ ಸುಮ್ಮನಾಗುತ್ತಿದ್ದ ಮನೆಗಳು ಎಷ್ಟಿಲ್ಲ?)

ಆದ್ದರಿಂದ ಔಷಧಿಯ ಬದಲಿಗೆಂದು ಕಳುಹಿಸಬೇಡಿ. ರಜೆಗೆಂದು ಧಾರಾಳವಾಗಿ ಕಳುಹಿಸಿ. ದಿನನಿತ್ಯದ ಇನ್‌ಹೇಲರನ್ನು ಅಲ್ಲಿಯೂ ಒಂದು ದಿನವೂ ಬಿಡಬಾರದು. ಉಬ್ಬಸ ಏರಿದಾಗ ಬಳಸುವ ಇನ್ನೊಂದು ಇನ್‌ಹೇಲರನ್ನು ಹೇಗೆ ಕೊಡಬೇಕೆಂದು ಅಜ್ಜಿಗೆ ನೀವೇ ಮಾಡಿ ತೋರಿಸಿ, ಏಕೆಂದರೆ ತೋಟದ ಮನೆಯಿಂದ ಆಸ್ಪತ್ರೆ ಬಲು ದೂರ. ಕರುವಿನ ಮೈ ತಡವಲಿ, ಹುಲ್ಲಿನಟ್ಟ ಹತ್ತುವುದು ಬೇಡ. ಹಾಲು ಮನೆಯ ಹಸುವಿನದೇ ಆದರೂ ಕಾಯಿಸಿಯೇ ಕೊಡಲು ಹೇಳಿ.