1.2 ಲೀಟರ್ ಪೆಟ್ರೋಲ್ ಕಾರಿಗೆ ಯಾವ ಕೋಲ್ಡ್ ಏರ್ ಇಂಟೇಕ್ ಹಾಕಿಸಲಿ? ಸೆಕೆಂಡ್ ಹ್ಯಾಂಡ್ ಆದರೂ ಆಗುತ್ತದೆ

ಎಂಜಿನ್ನಿಗೆ ಹೊರಗಿನ ತಣ್ಣನೆಯ ಗಾಳಿ ತರುತ್ತದೆಂದು ಮಾರುವ ಈ ಕೋಲ್ಡ್ ಏರ್ ಇಂಟೇಕ್‌ನಲ್ಲಿ, ಹತ್ತು ಸಾವಿರದೊಳಗೆ ಬಾನೆಟ್ ಒಳಗೇ ಕೂರುವ ಕೋನ್ ಫಿಲ್ಟರೋ, ಬಂಪರ್ ತನಕ ಇಳಿಯುವ ಉದ್ದ ಪೈಪೋ ಎಂದು ಕೇಳಿದ್ದೀರಿ. ಎರಡನ್ನೂ ಹಾಕಿಸಿದವನು ನಾನು. ನನ್ನದೂ ಅಂಥದೇ 1.2 ಲೀಟರಿನ, ನಾಲ್ಕು ಸಿಲಿಂಡರಿನ ಹ್ಯಾಚ್‌ಬ್ಯಾಕ್. ಮೊದಲನೆಯದು ನನ್ನ ಮರ್ಯಾದೆ ಕಳೆಯಿತು, ಎರಡನೆಯದು ಎಂಜಿನ್ನನ್ನೇ ಕಳೆಯಿತು.

ಕೋನ್ ಫಿಲ್ಟರ್ ಹಾಕಿಸಿದ್ದು ಬೆಂಗಳೂರಿನ ಜೆ.ಸಿ. ರಸ್ತೆಯ ಒಂದು ಅಂಗಡಿಯಲ್ಲಿ. ಏರ್ ಫಿಲ್ಟರ್ ಕೂರುವ ಕಂಪನಿಯ ಕಪ್ಪು ಡಬ್ಬಿಯನ್ನು ಬಿಚ್ಚಿ ನನ್ನ ಕೈಗೆ ಕೊಟ್ಟರು. ಆಕ್ಸಿಲರೇಟರ್ ಒತ್ತಿದರೆ ಗೊರ್ ಎನ್ನುವ ಸದ್ದು. ಒಂದು ವಾರ ಆ ಸದ್ದನ್ನೇ ಶಕ್ತಿ ಎಂದು ನಂಬಿ ಓಡಾಡಿದೆ. ಆಮೇಲೆ ಗೆಳೆಯನೊಬ್ಬ ಸ್ಟಿಯರಿಂಗ್ ಕೆಳಗಿನ ಒಬಿಡಿ ಪೋರ್ಟಿಗೆ ಸಿಕ್ಕಿಸಿ ಎಂಜಿನ್ನಿನ ಮಾಹಿತಿಯನ್ನು ಮೊಬೈಲಿನಲ್ಲಿ ತೋರಿಸುವ ಸ್ಕ್ಯಾನರ್ ತಂದ. ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ನಿಂತು ಮೊಬೈಲ್ ನೋಡಿದರೆ ಹೊರಗೆ 29 ಡಿಗ್ರಿ, ಎಂಜಿನ್ ಎಳೆದುಕೊಳ್ಳುತ್ತಿದ್ದ ಗಾಳಿ 61 ಡಿಗ್ರಿ! ರೇಡಿಯೇಟರಿನ ಹಿಂದಿನ ಬಿಸಿಯನ್ನೇ ಅದು ಕುಡಿಯುತ್ತಿತ್ತು. ಗಾಳಿ 3 ಡಿಗ್ರಿ ಬಿಸಿಯಾದರೆ ಸುಮಾರು ಶೇ. 1ರಷ್ಟು ತೆಳುವಾಗುತ್ತದೆ, ಎಂಜಿನ್ನಿನ ಶಕ್ತಿಯೂ ಕುಗ್ಗುತ್ತದೆ. ಅಂದರೆ ದುಡ್ಡು ಕೊಟ್ಟು ಶೇ. 10ರಷ್ಟು ಗಾಳಿಯನ್ನು ಕಳೆದುಕೊಂಡಿದ್ದೆ. ಗೆಳೆಯ ನಕ್ಕಿದ್ದು ಇನ್ನೂ ಕಿವಿಯಲ್ಲಿದೆ.

ಅಲ್ಲಿಗೆ ಬುದ್ಧಿ ಬರಬೇಕಿತ್ತು. ಬದಲಿಗೆ ಅದೇ ಅಂಗಡಿಗೆ ಹೋಗಿ ಜಗಳ ಆಡಿದೆ. ಅವರು, "ಸಾರ್, ಹಾಗಾದರೆ ನಿಮಗೆ ಉದ್ದ ಪೈಪೇ ಸರಿ" ಎಂದರು. ಇನ್ನೂ 9,500 ರೂಪಾಯಿ. ಮೂರು ಇಂಚಿನ ಪೈಪ್ ಬ್ಯಾಟರಿಯ ಪಕ್ಕದಿಂದ ಕೆಳಗಿಳಿದು, ಫಿಲ್ಟರ್ ಮುಂದಿನ ಚಕ್ರಕ್ಕೂ ಬಂಪರಿಗೂ ನಡುವೆ ಹೋಗಿ ಕೂತಿತು.

ನನ್ನ ತಪ್ಪನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ನಾನು ಅಜಾಗರೂಕನಾಗಿರಲಿಲ್ಲ. ಫಿಲ್ಟರಿನ ತಳ ನೆಲದಿಂದ ಎಷ್ಟು ಎತ್ತರದಲ್ಲಿದೆ ಎಂದು ಟೇಪ್ ಹಿಡಿದು ಅಳೆದಿದ್ದೆ: 13 ಇಂಚು. ಒಂದು ಅಡಿಗಿಂತ ಹೆಚ್ಚು ನೀರಿದ್ದರೆ ಕಾರು ಇಳಿಸುವುದಿಲ್ಲ ಎಂದು ನಿಯಮವನ್ನೂ ಮಾಡಿಕೊಂಡೆ. ಅಳತೆ ಸರಿಯಾಗಿತ್ತು. ಆದರೆ ಅಳೆದದ್ದು ಅಪಾರ್ಟ್‌ಮೆಂಟಿನ ಪಾರ್ಕಿಂಗ್‌ನಲ್ಲಿ, ಖಾಲಿ ಕಾರನ್ನು, ಒಣ ನೆಲದ ಮೇಲೆ.

ಜುಲೈನಲ್ಲಿ ಪುತ್ತೂರಿನ ಮನೆಯಿಂದ ಹೊರಟಾಗ ಕಾರಿನಲ್ಲಿ ಐದು ಜನ. ಡಿಕ್ಕಿಯಲ್ಲಿ ಅಮ್ಮ ತುಂಬಿಸಿದ ತೆಂಗಿನಕಾಯಿ ಚೀಲ, ಎರಡು ಹಲಸಿನ ಹಣ್ಣು. ಅಷ್ಟು ಭಾರಕ್ಕೆ ಕಾರು ಎರಡು ಇಂಚಾದರೂ ತಗ್ಗಿರುತ್ತದೆ. ಉಪ್ಪಿನಂಗಡಿ ಕಡೆಯ ಒಳದಾರಿಯಲ್ಲಿ ತೋಡು ಉಕ್ಕಿ ರಸ್ತೆಯ ಮೇಲೆ ಹರಿಯುತ್ತಿತ್ತು. ಎದುರಿಂದ ಬಂದ ಬೈಕಿನವನ ಚಕ್ರ ನೋಡಿ ಮುಕ್ಕಾಲು ಅಡಿ ಎಂದು ಲೆಕ್ಕ ಹಾಕಿದೆ. ನಿಯಮದ ಪ್ರಕಾರ ಇಳಿಯಬಹುದು! ಅರ್ಧ ದಾಟಿದ್ದೆ, ಎದುರಿಂದ ಬಸ್ ಬಂತು. ಅದು ತಳ್ಳಿದ ಅಲೆ ನಮ್ಮ ಹೆಡ್‌ಲೈಟಿಗೆ ಬಡಿಯಿತು. ನಿಂತ ನೀರಿನ ಆಳವನ್ನು ಲೆಕ್ಕ ಹಾಕಿದ್ದ ನಾನು ಅಲೆಯನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಬಸ್ಸೇ ಬರದಿದ್ದರೂ ಚಲಿಸುವ ಕಾರಿನ ಬಂಪರ್ ತನ್ನ ಮುಂದೆ ನೀರನ್ನು ಗುಡ್ಡೆ ಮಾಡಿಕೊಂಡೇ ಹೋಗುತ್ತದೆ, ನನ್ನ ಫಿಲ್ಟರ್ ಇದ್ದದ್ದು ಸರಿಯಾಗಿ ಅದರ ಹಿಂದೆ. 3,000 ಆರ್‌ಪಿಎಂನಲ್ಲಿ ಈ ಎಂಜಿನ್ ಸೆಕೆಂಡಿಗೆ ಸುಮಾರು 30 ಲೀಟರ್, ಅಂದರೆ ಎರಡು ಕೊಡದಷ್ಟು ಗಾಳಿ ಎಳೆಯುತ್ತದೆ. ಬಾಯಿ ನೀರಿನಲ್ಲಿ ಮುಳುಗಿದರೆ ಏನನ್ನು ಎಳೆಯುತ್ತದೆ? ಗಾಳಿಯನ್ನು ಅದುಮಬಹುದು, ನೀರನ್ನು ಅದುಮಲಾಗದು. ಪಿಸ್ಟನ್ ಮೇಲೇರಿ ನಿಂತಾಗ ಅದರ ತಲೆಯ ಮೇಲೆ ಉಳಿಯುವ ಜಾಗ ಮೂವತ್ತು ಮಿಲಿಲೀಟರಿನ ಆಸುಪಾಸು. ಒಂದು ಸಿಲಿಂಡರಿಗೆ ಮೂರು ದೊಡ್ಡ ಚಮಚ ನೀರು ಹೊಕ್ಕರೆ ಕೆಲಸ ಮುಗಿಯಿತು.

ಎಂಜಿನ್ ಟಕ್ ಎಂದು ನಿಂತಿತು. ಗಾಬರಿಯಲ್ಲಿ ಎರಡು ಸಲ ಕೀ ತಿರುಗಿಸಿದೆ. ಅದನ್ನಂತೂ ಮಾಡಲೇಬಾರದು.

ಗ್ಯಾರೇಜಿನವರು ಸ್ಪಾರ್ಕ್ ಪ್ಲಗ್ ನಾಲ್ಕನ್ನೂ ಬಿಚ್ಚಿ ಸ್ಟಾರ್ಟರ್ ತಿರುಗಿಸಿದಾಗ ಮೂರನೆಯ ರಂಧ್ರದಿಂದ ಕೆಂಪು ನೀರು ಬಾನೆಟ್‌ಗೆ ಚಿಮ್ಮಿತು. ಆಮೇಲೆ ಅವರು ತೆಳುವಾದ ಒಂದು ಸರಳನ್ನು ಒಂದೊಂದೇ ರಂಧ್ರಕ್ಕೆ ಇಳಿಸಿ, ಪಿಸ್ಟನ್ ತುದಿ ಮುಟ್ಟಿದಾಗ ಸರಳಿನ ಮೇಲೆ ಸೀಮೆಸುಣ್ಣದ ಗುರುತು ಹಾಕಿದರು. ಮೂರು ಗುರುತು ಒಂದೇ ಕಡೆ ಬಿದ್ದವು. ಇನ್ನೊಂದು ನಾಲ್ಕು ಮಿಲಿಮೀಟರ್ ಬೇರೆ. ಅಷ್ಟು ಬಾಗಿತ್ತು ಪಿಸ್ಟನ್ನನ್ನು ಹಿಡಿದಿರುವ ಕನೆಕ್ಟಿಂಗ್ ರಾಡ್. ಅವರು ಪೈಪನ್ನು ಎತ್ತಿ ಹಿಡಿದು, "ಇದು ಗಾಳಿ ಕುಡಿಯುವುದಕ್ಕೋ, ನೀರು ಕುಡಿಯುವುದಕ್ಕೋ ಮಾರಾಯರೇ?" ಎಂದು ಕೇಳಿದರು. ಖರ್ಚು 68,000 ರೂಪಾಯಿ. ಎಂಜಿನ್ ರಕ್ಷಣೆಯ ಪ್ರತ್ಯೇಕ ವಿಮೆ ನಾನು ತೆಗೆದುಕೊಂಡಿರಲಿಲ್ಲ, ಸಾಮಾನ್ಯ ಪಾಲಿಸಿಯಲ್ಲಿ ಇದು ಬರುವುದಿಲ್ಲ. ಇದ್ದಿದ್ದರೂ, ತಿಳಿಸದೆ ಹಾಕಿಸಿದ ಆ ಪೈಪನ್ನು ನೋಡಿದ ಸರ್ವೇಯರ್ ಸುಮ್ಮನಿರುತ್ತಿದ್ದರೇ?

ಈಗ ನಿಮ್ಮ ಪ್ರಶ್ನೆ. ನನ್ನ ಪ್ರಕಾರ ಪ್ರಶ್ನೆಯೇ ತಪ್ಪು, ಏಕೆಂದರೆ ಕೋಲ್ಡ್ ಏರ್ ಇಂಟೇಕ್ ನಿಮ್ಮ ಕಾರಿನಲ್ಲಿ ಈಗಾಗಲೇ ಇದೆ. ಬಾನೆಟ್ ಎತ್ತಿ ಆ ಕಪ್ಪು ಡಬ್ಬಿಯಿಂದ ಹೊರಟ ಕೊಳವೆಯ ಜಾಡು ಹಿಡಿಯಿರಿ. ನನ್ನದರಲ್ಲಿ ಅದು ರೇಡಿಯೇಟರಿನ ಮೇಲಿನ ಪಟ್ಟಿಯ ಹತ್ತಿರ, ಗ್ರಿಲ್ಲಿಗೆ ಮುಖ ಮಾಡಿ, ನೆಲದಿಂದ ಎರಡೂವರೆ ಅಡಿ ಎತ್ತರದಲ್ಲಿ ತೆರೆದುಕೊಳ್ಳುತ್ತದೆ. ಹೊರಗಿನ ತಣ್ಣನೆಯ ಗಾಳಿ, ನೀರಿಗೆ ಎಟುಕದ ಬಾಯಿ. ಉದ್ದ ಪೈಪಿಗೂ ಕಂಪನಿಯ ಡಬ್ಬಿಗೂ ಹೆದ್ದಾರಿಯಲ್ಲಿ ನಾನು ಕಂಡ ವ್ಯತ್ಯಾಸ ಎರಡು ಮೂರು ಡಿಗ್ರಿ, ಅಷ್ಟೇ. ಎಂಬತ್ತು ಚಿಲ್ಲರೆ ಅಶ್ವಶಕ್ತಿಯ ಎಂಜಿನ್ನಿಗೆ ಅದರಿಂದ ಒಂದು ಕುದುರೆಯೂ ಸಿಗದು. ಆ ಡಬ್ಬಿಯ ಪಕ್ಕದ ಉಬ್ಬು ಸದ್ದು ಅಡಗಿಸಲು ಇರುವುದು. ಅದನ್ನು ಕಿತ್ತರೆ ಸಿಗುವುದು ಸದ್ದು ಮಾತ್ರ.

ಟರ್ಬೊ ಕಾರಿಗೆ ಇಸಿಯು, ಅಂದರೆ ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್, ಟ್ಯೂನ್ ಮಾಡಿಸುವವರ ಮಾತು ಬೇರೆ, ನಿಮ್ಮದು ಅದಲ್ಲ. ಕೈ ತುರಿಸುತ್ತಲೇ ಇದ್ದರೆ ಅದೇ ಡಬ್ಬಿಯೊಳಗೆ ಕೂರುವ ಹೊಸ ಕಾಗದದ ಫಿಲ್ಟರ್ ಹಾಕಿಸಿ. ನನ್ನ ಕಾರಿನದಕ್ಕೆ ನಾನೂರು ರೂಪಾಯಿ ಕೂಡ ಆಗಲಿಲ್ಲ. ಎಣ್ಣೆ ಹಚ್ಚುವ ಬಟ್ಟೆಯ ಫಿಲ್ಟರ್ ಬೇಡ. ಎಣ್ಣೆ ಸ್ವಲ್ಪ ಹೆಚ್ಚಾದರೆ, ಗಾಳಿ ಅಳೆಯುವ ಸೆನ್ಸರ್ ಇರುವ ಕಾರುಗಳಲ್ಲಿ ಅದರ ತಂತಿಗೆ ಹೋಗಿ ಅಂಟುತ್ತದೆ. ಉಳಿದ ದುಡ್ಡನ್ನು ಟೈರಿಗೆ ಹಾಕಿ.

ಸೆಕೆಂಡ್ ಹ್ಯಾಂಡ್ ಆದರೂ ಆಗುತ್ತದೆ ಎಂದಿದ್ದೀರಿ. ನನ್ನ ಬಳಿ ಕೋನ್ ಫಿಲ್ಟರ್ ಇದೆ, ಮಾರುವುದಿಲ್ಲ. ಪೈಪಂತೂ ಸಿಗುವ ಹಾಗೆಯೇ ಇಲ್ಲ. ಅಪ್ಪ ಅದನ್ನು ಕೊಟ್ಟಿಗೆಯ ಮಾಡಿನ ದಂಬೆಗೆ ಸಿಕ್ಕಿಸಿದ್ದಾರೆ, ಈ ಮಳೆಗಾಲದಲ್ಲೂ ಅದರಿಂದಲೇ ನೀರು ಹಂಡೆಗೆ ಬೀಳುತ್ತಿದೆ.