ಬೆಳಿಗ್ಗೆ ಶುಗರ್ ಇಳಿಯುತ್ತದೆ, ಪ್ಯಾಂಕ್ರಿಯಾಸ್‌ನಲ್ಲಿ ಗಡ್ಡೆ: ಕೀಹೋಲ್ ಆಪರೇಷನ್ ಸಾಕಾ?

ಪ್ರಶ್ನೆ: ನನ್ನ ಅಕ್ಕನಿಗೆ 38 ವರ್ಷ. ಎರಡು ವರ್ಷದಿಂದ ಬೆಳಿಗ್ಗೆ ಎದ್ದರೆ ಮೈಯೆಲ್ಲ ಬೆವರು, ಮಂಕು, ಒಮ್ಮೊಮ್ಮೆ ನಮ್ಮ ಗುರುತೇ ಹತ್ತುವುದಿಲ್ಲ. ಫಿಟ್ಸ್ ಅಂತ ಮಾತ್ರೆ ಕೊಟ್ಟಿದ್ದರು. ಈಗ ನೋಡಿದರೆ ಶುಗರ್ 41, ಪ್ಯಾಂಕ್ರಿಯಾಸ್‌ನಲ್ಲಿ ಒಂದೂವರೆ ಸೆಂ.ಮೀ. ಗಡ್ಡೆ. ಇನ್ಸುಲಿನೋಮಾ ಅಂದರು. ಇದು ಕ್ಯಾನ್ಸರಾ? ಕೀಹೋಲ್‌ನಲ್ಲಿ ತೆಗೆಯಬಹುದಾ?

ಉತ್ತರ: ಮೊದಲು ಧೈರ್ಯ ತಂದುಕೊಳ್ಳಿ. ಇನ್ಸುಲಿನೋಮಾಗಳಲ್ಲಿ ನೂರಕ್ಕೆ ಸುಮಾರು 90 ಕ್ಯಾನ್ಸರ್ ಅಲ್ಲ. ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ 1ರಿಂದ 4 ಮಂದಿಗೆ ಬರುವ ಕಾಯಿಲೆ, ಹಾಗಾಗಿ ಫಿಟ್ಸ್ ಅಂತಲೋ ಮಾನಸಿಕ ಅಂತಲೋ ವರ್ಷಗಟ್ಟಲೆ ಅಲೆಯುವವರೇ ಜಾಸ್ತಿ. ರಾತ್ರಿಯೆಲ್ಲ ಹೊಟ್ಟೆ ಖಾಲಿ ಇದ್ದರೂ ಈ ಗಡ್ಡೆ ಶುಗರ್ ಇಳಿಸುವ ಇನ್ಸುಲಿನ್ ಬಿಡುತ್ತಲೇ ಇರುತ್ತದೆ, ಅದಕ್ಕೇ ಬೆಳಿಗ್ಗೆ ಹೀಗಾಗುವುದು. ಒಂದು ಲೋಟ ಸಕ್ಕರೆ ನೀರು ಕುಡಿಸಿದರೆ ಸ್ವಲ್ಪ ಹೊತ್ತಿಗೆ ಕಣ್ಣು ಅರಳಿಸಿ, "ಏನಾಯ್ತು ನಂಗೆ?" ಅಂತ ಕೇಳುತ್ತಾರೆ, ಅಲ್ವಾ?

ಕೀಹೋಲ್‌ನಲ್ಲಿ, ಅಂದರೆ ಹೊಟ್ಟೆಗೆ ಸಣ್ಣ ತೂತುಗಳನ್ನಷ್ಟೇ ಮಾಡಿ, ತುಂಬಾ ಜನರಿಗೆ ಆಗುತ್ತದೆ. ಆದರೆ ಗಾಯ ಎಷ್ಟು ಉದ್ದ ಅಂತ ಕೇಳುವ ಮುಂಚೆ ಸರ್ಜನ್ ಹತ್ತಿರ ಇದನ್ನು ಕೇಳಿ: ಗಡ್ಡೆಗೂ ಪ್ಯಾಂಕ್ರಿಯಾಸ್‌ನ ಮುಖ್ಯ ನಾಳಕ್ಕೂ ಎಷ್ಟು ಅಂತರ ಇದೆ? 2–3 ಮಿ.ಮೀ.ಗಿಂತ ಜಾಸ್ತಿ ಇದ್ದರೆ ಸಾಮಾನ್ಯವಾಗಿ ಗಡ್ಡೆಯನ್ನಷ್ಟೇ ಬಿಡಿಸಿ ತೆಗೆಯಬಹುದು, ಹಲಸಿನ ತೊಳೆಯಿಂದ ಬೀಜ ಬಿಡಿಸಿದ ಹಾಗೆ. ನಾಳಕ್ಕೆ ತಾಗಿಕೊಂಡಿದ್ದು ಪ್ಯಾಂಕ್ರಿಯಾಸ್‌ನ ಬಾಲದ (ಎಡ ತುದಿಯ) ಕಡೆ ಇದ್ದರೆ ಆ ಬಾಲವನ್ನೇ ಕೀಹೋಲ್‌ನಲ್ಲಿ ಕತ್ತರಿಸುತ್ತಾರೆ, ಪಕ್ಕದ ಗುಲ್ಮವನ್ನು (ಸೋಂಕಿನ ವಿರುದ್ಧ ಹೋರಾಡುವ ಸ್ಪ್ಲೀನ್) ಆದಷ್ಟೂ ಉಳಿಸುತ್ತಾರೆ. ಗುಲ್ಮ ಉಳಿಯುವುದು ಅನುಮಾನ ಅನ್ನಿಸಿದರೆ ನ್ಯುಮೋಕಾಕಸ್ ಮೊದಲಾದ ಬ್ಯಾಕ್ಟೀರಿಯಾಗಳ ವಿರುದ್ಧದ ಲಸಿಕೆಗಳನ್ನು ಆಪರೇಷನ್‌ಗೆ ಎರಡು ವಾರ ಮುಂಚೆಯೇ ಹಾಕಿಸಬೇಕು. ತಲೆಯ ಭಾಗದಲ್ಲಿ ಆಳವಾಗಿ ಕೂತಿದೆ, ಹೊಟ್ಟೆ ತೆರೆಯುವುದೇ ಕ್ಷೇಮ ಅಂದರೆ ಸುಮ್ನೆ ಹಟ ಮಾಡಬೇಡಿ.

ಇನ್ನೊಂದು ಮಾತು. ಕೀಹೋಲ್‌ನಲ್ಲಿ ಬೆರಳಿಂದ ಮುಟ್ಟಿ ಗಡ್ಡೆ ಹುಡುಕಲು ಆಗುವುದಿಲ್ಲ, ಆದ್ದರಿಂದ ಆಪರೇಷನ್ ವೇಳೆ ಒಳಗೇ ಅಲ್ಟ್ರಾಸೌಂಡ್ ಇಟ್ಟು ನೋಡುವ ಅನುಕೂಲ ಇರುವ, ಪ್ಯಾಂಕ್ರಿಯಾಸ್ ಆಪರೇಷನ್ ಪದೇ ಪದೇ ಮಾಡುವ ತಂಡದ ಹತ್ತಿರವೇ ಹೋಗಿ.

ಗಾಯ ಚಿಕ್ಕದು ಅಂತ ಅಪಾಯವೂ ಚಿಕ್ಕದು ಅಂದುಕೊಳ್ಳಬೇಡಿ. ಕತ್ತರಿಸಿದ ಜಾಗದಿಂದ ಜೀರ್ಣರಸ ಸೋರಬಹುದು. ಅದಕ್ಕೇ ಹೊಟ್ಟೆಗೆ ಡ್ರೈನ್ ಪೈಪ್ ಹಾಕಿ, ಮೂರನೇ ದಿನದ ಹೊತ್ತಿಗೆ ಆ ನೀರಿನಲ್ಲಿ ಅಮೈಲೇಸ್ (ಜೀರ್ಣರಸದಲ್ಲಿರುವ ಕಿಣ್ವ) ಎಷ್ಟಿದೆ ಅಂತ ನೋಡುತ್ತಾರೆ. ಹೆಚ್ಚಿನವರಿಗೆ ಸೋರಿಕೆ ತಾನಾಗಿಯೇ ನಿಲ್ಲುತ್ತದೆ, ಕೆಲವರು ಪೈಪ್ ಇಟ್ಟುಕೊಂಡೇ ಮನೆಗೆ ಹೋಗಬೇಕಾಗುತ್ತದೆ.

ಆಪರೇಷನ್ ಆಗುವವರೆಗೆ ಅಕ್ಕನನ್ನು ಉಪವಾಸ ಇರಲು ಬಿಡಬೇಡಿ, ಏಕಾದಶಿ ಇದ್ದರೂ ಸರಿ. ಮಲಗುವ ಮುಂಚೆ ಏನಾದರೂ ತಿನ್ನಿಸಿ. ನಡುರಾತ್ರಿ ಒಮ್ಮೆ ಎಬ್ಬಿಸಿ ಗ್ಲುಕೋಮೀಟರ್‌ನಲ್ಲಿ ನೋಡಿ. ಫಿಟ್ಸ್ ಮಾತ್ರೆಯನ್ನು ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ತಕ್ಷಣ ಹತ್ತಿರದ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಅಲ್ಲಿ ಗ್ಲುಕೋಸ್ ಡ್ರಿಪ್ ಹಾಕುತ್ತಾರೆ.