ಚುಕ್ಕಿ ಗೆರೆ ಆಟ: ಸಿಕ್ಕಿದ ಮನೆಯನ್ನೆಲ್ಲ ಏಕೆ ಬಾಚಿಕೊಳ್ಳಬಾರದು?

ಪ್ರಶ್ನೆ: ಚುಕ್ಕಿಗಳ ನಡುವೆ ಗೆರೆ ಎಳೆದು ಮನೆ ಮುಚ್ಚುವ ಆಟದಲ್ಲಿ ಅರ್ಧದವರೆಗೂ ಮುಂದಿರುತ್ತೇನೆ. ಕೊನೆಯಲ್ಲಿ ಎದುರಾಳಿ ಒಂದೇ ಸರದಿಯಲ್ಲಿ ಎಲ್ಲ ಬಾಚಿಕೊಳ್ಳುತ್ತಾರೆ. ಇದು ಅದೃಷ್ಟವೇ?

ಉತ್ತರ: ದಾಳವಿಲ್ಲ, ಮುಚ್ಚಿಟ್ಟ ಎಲೆಯಿಲ್ಲ, ಅದೃಷ್ಟಕ್ಕೆ ಜಾಗವೆಲ್ಲಿ? ನೀವು ಸೋಲುತ್ತಿರುವುದು ಆಸೆಯಿಂದ. ನಾಲ್ಕನೇ ಗೆರೆ ಎಳೆದು ಮನೆ ಮುಚ್ಚಿದವರು ಇನ್ನೊಂದು ಗೆರೆ ಎಳೆಯಲೇಬೇಕು. ಆಟದ ನಡುವೆ ಇದು ಬಹುಮಾನ, ಸರಪಳಿಯ (ಒಂದನ್ನು ಮುಚ್ಚಿದರೆ ಮುಂದಿನದೂ ಸಿಗುವ ಮನೆಗಳ ಸಾಲಿನ) ಕೊನೆಯ ಮನೆ ಮುಚ್ಚಿದಾಗ ಇದೇ ದಂಡ.

16 ಚುಕ್ಕಿ, 9 ಮನೆಯ ಹಾಳೆಯಲ್ಲಿ ಒಟ್ಟು 24 ಗೆರೆ. ಕೊನೆಗೆ 4 ಮನೆಯ ಒಂದು ಸರಪಳಿ, 5 ಮನೆಯ ಇನ್ನೊಂದು ಉಳಿದಿವೆ ಎನ್ನಿ. ಎದುರಾಳಿ ವಿಧಿಯಿಲ್ಲದೆ ಚಿಕ್ಕದನ್ನು ತೆರೆದರು, ಅಂದರೆ ಅದರ ತುದಿಯ ಮನೆಗೆ ಮೂರನೇ ಗೆರೆ ಎಳೆದರು. ನಾಲ್ಕನ್ನೂ ನುಂಗಿದರೆ ಮುಂದಿನ ಗೆರೆ ನಿಮ್ಮದೇ, ಅದು 5ರ ಸರಪಳಿಯನ್ನು ತೆರೆಯುತ್ತದೆ, 4–5ರಿಂದ ಸೋಲು. ಬದಲಿಗೆ ಎರಡು ಮನೆ ಮಾತ್ರ ಮುಚ್ಚಿ. ಮೂರನೆಯದಕ್ಕೂ ನಾಲ್ಕನೆಯದಕ್ಕೂ ನಡುವಿನ ಗೆರೆಯನ್ನು ಮುಟ್ಟಬೇಡಿ; ನಾಲ್ಕನೆಯ ಮನೆಯ ಆಚೆ ತುದಿಯ ಗೆರೆ ಎಳೆದು ಸುಮ್ಮನಾಗಿ. ಎದುರಾಳಿ ನಡುಗೆರೆ ಎಳೆದರೆ ಎರಡು ಮನೆ ಅವರದು, ಆದರೆ 5ರ ಸರಪಳಿಯನ್ನು ಅವರೇ ತೆರೆಯಬೇಕು. ಆಟ 7–2. ಸಿಕ್ಕಿದ ಮನೆ ಮುಚ್ಚಲೇಬೇಕೆಂಬ ನಿಯಮವಿಲ್ಲ ಎಂಬುದನ್ನು ಎಷ್ಟೋ ಜನ ಗಮನಿಸುವುದೇ ಇಲ್ಲ.

ಸರಪಳಿ ಸುತ್ತಿ ಬಂದು ಬಳೆಯಂತೆ ಕೂಡಿಕೊಂಡಿದ್ದರೆ ಬಿಟ್ಟುಕೊಡಬೇಕಾದದ್ದು ಎರಡಲ್ಲ, ನಾಲ್ಕು ಮನೆ. ಎರಡೆರಡರ ಎರಡು ಜೋಡಿ. ಉಳಿದ ಸರಪಳಿಗಳು ಅಷ್ಟು ದೊಡ್ಡವಲ್ಲದಿದ್ದರೆ ಈ ದಾನ ನಷ್ಟವೇ. ಬಿಡುವ ಮುನ್ನ ಕೂಡಿ ಕಳೆದು ನೋಡಿ.

ಪ್ರಶ್ನೆ: ಮೊದಲು ಎಳೆಯುವವರಿಗೆ ಅನುಕೂಲವೋ, ಎರಡನೆಯವರಿಗೋ?

ಉತ್ತರ: ಸರಪಳಿಗಳ ಲೆಕ್ಕದ ಮೇಲೆ ನಿಂತಿದೆ. 3 ಅಥವಾ ಹೆಚ್ಚು ಮನೆಯ ಸರಪಳಿಗಳನ್ನಷ್ಟೇ ಎಣಿಸಿ (ಬಳೆಗಳನ್ನು ಬಿಡಿ), ಚುಕ್ಕಿಗಳ ಸಂಖ್ಯೆಗೆ ಕೂಡಿಸಿ. ಮೊತ್ತ ಸಮವಾದರೆ ಹಿಡಿತ ಮೊದಲಿನವರದು, ಬೆಸವಾದರೆ ಎರಡನೆಯವರದು. ಮೇಲಿನ ಉದಾಹರಣೆಯಲ್ಲಿ 16 + 2 = 18. ತಾಳೆ ನೋಡಿ: 4ರ ಸರಪಳಿಯಲ್ಲಿ 5, 5ರದರಲ್ಲಿ 6 ಗೆರೆ ಬಾಕಿ, ಅಂದರೆ 13 ಎಳೆದಾಗಿದೆ. ಹದಿಮೂರನೆಯದು ಮೊದಲಿನವರದು, ತೆರೆಯುವ ಕರ್ಮ ಎರಡನೆಯವರಿಗೆ. ಈ ಲೆಕ್ಕವನ್ನು ವಿಸ್ತಾರವಾಗಿ ಬಿಡಿಸಿಟ್ಟವರು ಅಮೆರಿಕದ ಗಣಿತಜ್ಞ ಎಲ್ವಿನ್ ಬರ್ಲೆಕ್ಯಾಂಪ್.

ಒಂದು ಮನೆ ಬಿಟ್ಟುಕೊಟ್ಟರೆ ಸರದಿ ತಿರುಗುತ್ತದೆಂದು ನಂಬಿದವರಿದ್ದಾರೆ. ತಿರುಗುವುದಿಲ್ಲ, ಪಡೆದವರು ಇನ್ನೊಂದು ಗೆರೆ ಎಳೆದೇ ಎಳೆಯುತ್ತಾರೆ. ಆ ತ್ಯಾಗದಿಂದ ಸರಪಳಿ ಒಂದು ಮುರಿದರೆ ಅಥವಾ ಎರಡು ಕೂಡಿಕೊಂಡರೆ ಮಾತ್ರ ಫಲ.

ಪ್ರಶ್ನೆ: ಎರಡೇ ಮನೆ ಕೊಡಬೇಕಾಗಿ ಬಂದರೆ ಯಾವ ಗೆರೆ ಎಳೆಯಬೇಕು?

ಉತ್ತರ: ನಡುವಿನದು. ತುದಿಯ ಗೆರೆ ಎಳೆದರೆ ಎದುರಾಳಿ ಇನ್ನೊಂದು ತುದಿ ಮುಚ್ಚಿ ಎರಡನ್ನೂ ನಿಮ್ಮ ತಲೆಗೇ ಕಟ್ಟುತ್ತಾರೆ.

ಪ್ರಶ್ನೆ: ಚೌಕಗಳಿಲ್ಲದ, ಗೆರೆ ಎಳೆಯುವ ಬೇರೆ ಆಟ ಹೇಳಿ.

ಉತ್ತರ: ಸ್ಪ್ರೌಟ್ಸ್ ಆಡಿ. ಜಾನ್ ಕಾನ್ವೇ ಮತ್ತು ಮೈಕೆಲ್ ಪ್ಯಾಟರ್ಸನ್ 1967ರಲ್ಲಿ ಕೇಂಬ್ರಿಡ್ಜ್‌ನಲ್ಲಿ ಹುಟ್ಟಿಸಿದ ಆಟ. 3 ಚುಕ್ಕಿ ಇಡಿ. ಎರಡು ಚುಕ್ಕಿಗೆ, ಇಲ್ಲವೇ ಒಂದಕ್ಕೆ ಅದಕ್ಕೇ, ಗೆರೆ ಜೋಡಿಸಿ ಆ ಗೆರೆಯ ಮೇಲೆ ಹೊಸ ಚುಕ್ಕಿ ಇಡಬೇಕು. ಗೆರೆ ಯಾವುದನ್ನೂ ದಾಟಬಾರದು. ಒಂದು ಚುಕ್ಕಿಗೆ 3 ಗೆರೆ ಮುಟ್ಟಿದರೆ ಅದು ಸತ್ತಂತೆ. ಎಳೆಯಲಾಗದವರು ಸೋತರು. 3 ಚುಕ್ಕಿಯ ಆಟ ಹೆಚ್ಚೆಂದರೆ 8 ಗೆರೆಗೆ ಮುಗಿಯುತ್ತದೆ. ಹೊಸ ಚುಕ್ಕಿ ಹುಟ್ಟುವಾಗಲೇ ಎರಡು ಗೆರೆ ಹೊತ್ತಿರುತ್ತದೆ, ಇನ್ನೊಂದಕ್ಕಷ್ಟೇ ಜಾಗ. ಹೊಸಬರು ಎಡವುವುದು ಇಲ್ಲೇ. ಸತ್ತ ಚುಕ್ಕಿಗೆ ಸುತ್ತು ಹಾಕುತ್ತ ಆಡಿ, ಜಗಳ ತಪ್ಪುತ್ತದೆ. ಹಾಳೆ ದೊಡ್ಡದಿರಲಿ, ಗೆರೆ ಬಳುಕಿ ಬರಲಿ. ಇಕ್ಕಟ್ಟಾಗಿ ಎಳೆದರೆ ಆರನೇ ಗೆರೆಯ ಹೊತ್ತಿಗೆ ಯಾವುದು ಎಲ್ಲಿಗೆ ಹೋಯಿತೆಂದೇ ತಿಳಿಯದು.